ಚಿನ್ನ ಬಗೆದವರ ಲೈನ್ ಮನೆಗಳು

ಬೆಳಗಿನ ಹೊತ್ತು ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲುಗಳಲ್ಲಿ ಕಾಲಿಡಲೂ ಜಾಗ ಸಿಗುವುದಿಲ್ಲ. ಚಾಂಪಿಯನ್, ಉರಿಗಾಂ, ಕೋರಮಂಡಲ್ ಎಂಬ ಪುಟ್ಟ ನಿಲ್ದಾಣಗಳಲ್ಲಿ ಜನ ಹತ್ತುತ್ತಲೇ ಇರುತ್ತಾರೆ. ಒಂದು ಕಾಲಕ್ಕೆ ಚಿನ್ನದ ಗಣಿಗಳಿಗಾಗಿಯೇ ಹಾಕಿದ ಈ ಹಳಿ, ಗಣಿ ಮುಚ್ಚಿದ ಮೇಲೆ ಊರಿನವರನ್ನು ನೂರು ಕಿಲೋಮೀಟರ್ ದೂರದ ಕೆಲಸಕ್ಕೆ ಹೊತ್ತೊಯ್ಯುತ್ತಿದೆ. ಕೆಜಿಎಫ್ (ಕೋಲಾರ ಚಿನ್ನದ ಗಣಿ) ನೋಡಬೇಕೆನ್ನುವವರು ಆ ಜನಸಂದಣಿಗೆ ಎದುರಾಗಿ, ಬಂಗಾರಪೇಟೆಯಿಂದ ಒಳಕ್ಕೆ ಕವಲೊಡೆಯುವ ಇದೇ ಹಳಿಯಲ್ಲಿ ಬರುವುದು ಒಳ್ಳೆಯದು. ನಿಲ್ದಾಣಗಳ ಹೆಸರಲ್ಲೇ ಗಣಿಗಳ ಚರಿತ್ರೆ ಶುರುವಾಗುತ್ತದೆ.

ಮೊದಲು ಕಣ್ಣಿಗೆ ಬೀಳುವುದು ಶಾಫ್ಟ್‌ಗಳ ಮೇಲೆ ನಿಂತ ಕಬ್ಬಿಣದ ಗೋಪುರಗಳು. ಅವುಗಳ ತುದಿಯಲ್ಲಿರುವ ದೊಡ್ಡ ಚಕ್ರಗಳ ಮೇಲೆ ಉಕ್ಕಿನ ಹಗ್ಗ ಹಾಯುತ್ತಿತ್ತು. ಪಕ್ಕದ ಕಟ್ಟಡದ ವೈಂಡಿಂಗ್ ಎಂಜಿನ್ ಆ ಹಗ್ಗವನ್ನು ಸುತ್ತಿ ಬಿಚ್ಚಿದಂತೆ, ಕಾರ್ಮಿಕರು ತುಂಬಿದ ಕೇಜ್ ಕತ್ತಲೊಳಗೆ ಇಳಿಯುತ್ತಿತ್ತು, ಏರುತ್ತಿತ್ತು. ಈಗ ಶಾಫ್ಟ್‌ಗಳ ಬಾಯಿ ಮುಚ್ಚಿದೆ, ಒಳಗೆಲ್ಲ ನೀರು ತುಂಬಿದೆ. ಗಣಿ ಆವರಣದೊಳಗೆ ಕಾಲಿಡಲು ಅನುಮತಿ ಬೇಕು. ಬೇಲಿಯಾಚೆ ನಿಂತು ನೋಡಿದರೂ ಆ ಚಕ್ರದ ಗಾತ್ರ ಎದೆಗೆ ತಟ್ಟುತ್ತದೆ.

ಇಲ್ಲಿ ಗಣಿಗಾರಿಕೆಗೆ ಪರವಾನಗಿ ಕೇಳಿ ಮೈಸೂರು ಸರ್ಕಾರಕ್ಕೆ 1873ರಲ್ಲಿ ಅರ್ಜಿ ಹಾಕಿದವನು ಮೈಕೆಲ್ ಲಾವೆಲ್ ಎಂಬ ಐರಿಷ್ ನಿವೃತ್ತ ಸೈನಿಕ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಗಣಿ ನಿಜಕ್ಕೂ ಬೆಳೆಯಿತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗಳು ದೀಪ ಕಂಡದ್ದು ಅದಾದ ಮೇಲೆ, 1905ರಲ್ಲಿ.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ಮೀರುತ್ತಿತ್ತು. ಮೇಲಿನ ಭಾರ ತಾಳಲಾರದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಹೀಗೆ ರಾಕ್ ಬರ್ಸ್ಟ್ ಆದಾಗ ನೆಲದ ಮೇಲಿನ ಮನೆಗಳೂ ನಡುಗುತ್ತಿದ್ದವು. ಒಳಗೆ ಪಾಳಿಗೆ ಹೋದ ಗಂಡ, ಮಗ, ಅಣ್ಣ ಹೇಗಿದ್ದಾರೋ ಎಂದು ಶಾಫ್ಟ್‌ನತ್ತ ಓಡಿದ ಹೆಂಗಸರ ಪಾಡು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಸಿಡಿತದಿಂದ ಬದುಕುಳಿದವರ ಶ್ವಾಸಕೋಶಕ್ಕೆ ಕಲ್ಲಿನ ದೂಳು ಇಳಿದು ಸಿಲಿಕೋಸಿಸ್ ಆಗುತ್ತಿತ್ತು. ಶತಮಾನಕ್ಕೂ ಮೀರಿ ಇಲ್ಲಿಂದ ಮೇಲೆ ಬಂದ 800 ಟನ್ನಿನಷ್ಟು ಚಿನ್ನದ ಹಿಂದೆ ಈ ಉಸಿರಿದೆ.

ಹಾಗಾಗಿಯೇ ಕೆಜಿಎಫ್‌ನಲ್ಲಿ ಬಂಗಲೆಗಳಿಗಿಂತ ಮೊದಲು ಲೈನ್‌ಗಳಿಗೆ ಹೋಗಬೇಕು ಎನ್ನುತ್ತೇನೆ. 'ಮಿನಿ ಇಂಗ್ಲೆಂಡ್' ಎಂದು ಹೊಗಳುವವರು ಕ್ಲಬ್ಬು, ಗಾಲ್ಫ್ ಮೈದಾನ, ಅಗಲ ವರಾಂಡದ ಬಂಗಲೆಗಳನ್ನಷ್ಟೇ ತೋರಿಸುತ್ತಾರೆ. ಅದು ಈ ಊರಿನ ಒಂದು ತುಣುಕು ಮಾತ್ರ. ಲೈನ್ ಎಂದರೆ ಗೋಡೆಗೆ ಗೋಡೆ ತಾಗಿಕೊಂಡು ಸಾಲಾಗಿ ನಿಂತ ಕಾರ್ಮಿಕರ ಮನೆಗಳು. ಶುರುವಿನಲ್ಲಿ ಬಿದಿರಿನ ತಟ್ಟಿ, ಆಮೇಲೆ ತಗಡಿನ ಸೂರು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಹೊಕ್ಕರೆ ಅಲ್ಲೇ ಒಲೆ, ಅಲ್ಲೇ ಹಾಸಿಗೆ, ಅಲ್ಲೇ ದೇವರ ಪಟ. ನಲ್ಲಿ, ಕಕ್ಕಸು ಎಲ್ಲವೂ ಸಾರ್ವಜನಿಕ. ಪಕ್ಕದ ಮನೆಯ ಕೆಮ್ಮು ಕೇಳುವಷ್ಟು ತೆಳುವಾದ ಗೋಡೆ. ಇವುಗಳಲ್ಲಿ ಇವತ್ತಿಗೂ ಸಂಸಾರಗಳಿವೆ. ಕ್ಯಾಮೆರಾ ತೆಗೆಯುವ ಮುನ್ನ ಮನೆಯವರನ್ನು ಒಂದು ಮಾತು ಕೇಳಬೇಕು.

ಇಲ್ಲಿ ಇಳಿದು ದುಡಿದವರಲ್ಲಿ ಬಹುಪಾಲು ತಮಿಳುನಾಡಿನ ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತರು. ಜಾತಿಯ ಹಳ್ಳಿಯನ್ನು ಬಿಟ್ಟು ಬಂದವರಿಗೆ ಗಣಿ ಕೂಲಿಯ ಜೊತೆಗೆ ತಲೆಯೆತ್ತಿ ನಿಲ್ಲುವ ಧೈರ್ಯವನ್ನೂ ಕೊಟ್ಟಿತು. 20ನೇ ಶತಮಾನದ ಆರಂಭದಲ್ಲೇ ತಮಿಳು ದಲಿತ ಚಿಂತಕ ಅಯೋತಿ ದಾಸ್ ಪಂಡಿತರ ಪ್ರಭಾವದಿಂದ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ನಲ್ಲಿ ಬೌದ್ಧ ಸಂಘಗಳು ಬೆಳೆದವು. ಬಾಬಾಸಾಹೇಬ್ ಅಂಬೇಡ್ಕರ್ ದೀಕ್ಷೆ ತೆಗೆದುಕೊಳ್ಳುವುದಕ್ಕೆ ದಶಕಗಳ ಹಿಂದಿನ ಮಾತು ಇದು. 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸಲು ಹೊರಟಾಗ ಮುಷ್ಕರ ಹೂಡಿ ಗಣಿಗಳನ್ನೇ ನಿಲ್ಲಿಸಿದವರೂ ಇವರೇ. ಕೆಜಿಎಫ್ ಪರಂಪರೆ ಎಂದಾಗ ನನ್ನ ಮಟ್ಟಿಗೆ ಮುಖ್ಯವಾಗುವುದು ಇದು. ಇದನ್ನು ಹೇಳುವ ಒಂದು ಒಳ್ಳೆಯ ವಸ್ತುಸಂಗ್ರಹಾಲಯ ಆಗಲೇಬೇಕು.

ವಿಜ್ಞಾನದ ಮಕ್ಕಳೂ ಬರಬೇಕಾದ ಊರು ಇದು. ಭೂಮಿಯ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವನ್ನು ಜಗತ್ತಿನಲ್ಲಿ ಮೊದಲು ಹಿಡಿದ ಪ್ರಯೋಗಗಳಲ್ಲಿ ಒಂದು 1965ರಲ್ಲಿ ನಡೆದದ್ದು ಇದೇ ಗಣಿಯ ಆಳದಲ್ಲಿ.

ಇನ್ನು ಸೈನೈಡ್ ಗುಡ್ಡಗಳು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮರಳು ಅದು. ಸಿನಿಮಾದವರಿಗೆ ಅಚ್ಚುಮೆಚ್ಚು, ಊರಿನವರಿಗೆ ಗಾಳಿ ಎದ್ದಾಗ ಕಣ್ಣಿಗೆ, ಮೂಗಿಗೆ ಬಡಿಯುವ ದೂಳು. ಆ ಮರಳಿನಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಯೋಜನೆಗೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ.

ಈ ಗಣಿಗಳನ್ನು ಕಟ್ಟಲು ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದಲೂ ಪರಿಣತರು ಬಂದಿದ್ದರು. ಅವರ ತವರಿನ ಹಳೆಯ ಗಣಿಗಳ ನೆಲವನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದ ನಮ್ಮ ಗಣಿಯ ಯಂತ್ರಗಳು ಮಾತ್ರ ತುಕ್ಕು ಹಿಡಿಯುತ್ತಿವೆ. ಮರಳಿಗಾಗಿ ಯಂತ್ರಗಳು ಬರುವ ಮುನ್ನ ಶಾಫ್ಟ್ ಗೋಪುರಗಳು, ವೈಂಡಿಂಗ್ ಎಂಜಿನ್‌ಗಳು ಮತ್ತು ಕನಿಷ್ಠ ಒಂದು ಸಾಲು ಲೈನ್ ಮನೆಗಳು ಗುಜರಿಗೂ ಹರಾಜಿಗೂ ಹೋಗಕೂಡದು ಎಂದು ಸರ್ಕಾರ ಆದೇಶ ಹೊರಡಿಸಬೇಕು. ಆಳದ ಪಾಳಿಗಳಲ್ಲಿ ದುಡಿದವರಲ್ಲಿ ಹಲವರಿಗೆ ಈಗ ವಯಸ್ಸಾಗಿದೆ. ಅವರ ಮಾತುಗಳನ್ನು ತಮಿಳು, ತೆಲುಗು, ಕನ್ನಡ ಯಾವುದರಲ್ಲಿ ಹೇಳಿದರೂ ಸರಿ, ಈ ವರ್ಷವೇ ಧ್ವನಿಮುದ್ರಿಸಿಕೊಳ್ಳಬೇಕು. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳಿಗೆ ಇದು ದೊಡ್ಡ ಖರ್ಚಿನ ಕೆಲಸವೇನಲ್ಲ.