ಗುಡ್ಡದ ಬುಡ ಕಡಿಯಬೇಡಿ, ನೀರಿಗೆ ದಾರಿ ಬಿಡಿ



ಇವತ್ತಿನ ಮಾತು ಬೀಜದ್ದೂ ಅಲ್ಲ, ಗೊಬ್ಬರದ್ದೂ ಅಲ್ಲ. ಬೀಜ ಹಾಕುವ ನೆಲವೇ ಕಾಲ ಕೆಳಗಿನಿಂದ ಜಾರಿಹೋದರೆ ಏನು ಗತಿ ಎಂಬುದರ ಮಾತು. ಕೊಡಗು, ಮಲೆನಾಡು, ಘಟ್ಟದ ಸೆರಗಿನ ಕರಾವಳಿ, ಇಲ್ಲೆಲ್ಲ ಮನೆ ತೋಟ ಮಾಡಿಕೊಂಡಿರುವವರು ಇದನ್ನು ಮನಸ್ಸಿಟ್ಟು ಕೇಳಬೇಕು. ಬಯಲುಸೀಮೆಯವರು ಕೇಳಿದರೂ ನಷ್ಟವಿಲ್ಲ. ಕೆರೆಯ ಏರಿಗೂ ಬಾವಿಯ ದಡಕ್ಕೂ ಇದೇ ನ್ಯಾಯ.

2018ರ ಆಗಸ್ಟ್ ತಿಂಗಳ ನಡುವೆ ಮಡಿಕೇರಿ ತಾಲ್ಲೂಕಿನಲ್ಲಿ ಕೆಲವೇ ದಿನಗಳೊಳಗೆ ಹತ್ತಾರು ಕಡೆ ಗುಡ್ಡ ಜರಿಯಿತು. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಕಾಲೂರು ಕಡೆಯ ಕಾಫಿ ತೋಟ, ಗದ್ದೆ, ಮನೆ ಮಣ್ಣಿನಡಿ ಹೋದವು. ಎರಡು ವರ್ಷದ ಮೇಲೆ, 2020ರ ಆಗಸ್ಟ್ ಮೊದಲ ವಾರದಲ್ಲಿ, ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಜಾರಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ಅದೇ ತಿಂಗಳ 30ರಂದು, ಜನ ಮಲಗಿದ್ದ ಹೊತ್ತಿನಲ್ಲಿ, ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಬೆಟ್ಟದ ಕೆಸರು ಹರಿದು 200ಕ್ಕೂ ಹೆಚ್ಚು ಜನ ತೀರಿಕೊಂಡರು.

ಈ ದಿನಗಳನ್ನು ನಮ್ಮ ಮಳೆ ನಕ್ಷತ್ರಗಳ ಜೊತೆ ಇಟ್ಟು ನೋಡಿ. ಶಿರೂರಿನದು ಪುನರ್ವಸು ಮಳೆ. ವಯನಾಡಿನದು ಪುಷ್ಯ. ತಲಕಾವೇರಿಯದು ಆಶ್ಲೇಷ. ಕೊಡಗಿನದು ಆಶ್ಲೇಷ ಮುಗಿದು ಮಖೆ ಹುಟ್ಟುವ ಹೊತ್ತು. ಮೊದಲ ಮಳೆಗೆ ಜರಿದದ್ದು ಒಂದೂ ಇಲ್ಲ. ಅಂದರೆ, ಬರೀ ಒಂದು ದಿನದ ಮಳೆ ಗುಡ್ಡವನ್ನು ಕೆಡವಲಿಲ್ಲ. ವಾರಗಟ್ಟಲೆ ಕುಡಿದ ನೀರಿನ ಮೇಲೆ ಇನ್ನೊಂದು ಜಡಿಮಳೆ ಬಿದ್ದಾಗ ಕೆಡವಿತು. ಇದು ನೆನಪಿನಲ್ಲಿರಲಿ.

"ಅಜ್ಜನ ಕಾಲದಲ್ಲೂ ಇಂಥ ಮಳೆ ಇತ್ತಲ್ಲ ಸ್ವಾಮಿ, ಆಗ ಯಾಕೆ ಜರಿಯಲಿಲ್ಲ?" ಅಂತ ಕೇಳುವವರುಂಟು. ಕೇಳಬೇಕಾದ ಪ್ರಶ್ನೆಯೇ. ಆಗಲೂ ಅಲ್ಲಲ್ಲಿ ಜರಿಯುತ್ತಿತ್ತು, ಇಲ್ಲವೆಂದಲ್ಲ. ಈಗ ಇಷ್ಟು ಕಡೆ, ಅದೂ ಮನೆಗಳ ಮೇಲೆಯೇ, ಯಾಕೆ ಅನ್ನುವುದಕ್ಕೆ ಉತ್ತರ ಬೇಕಾದರೆ, ಗುಡ್ಡ ನಿಂತಿರುವುದು ಹೇಗೆ ಅನ್ನುವುದನ್ನು ಮೊದಲು ತಿಳಿಯಬೇಕು.

ಒಣ ಮರಳನ್ನು ಬುಟ್ಟಿಯಿಂದ ಅಂಗಳಕ್ಕೆ ಸುರಿಯಿರಿ. ಅದು ಒಂದು ರಾಶಿಯಾಗಿ ನಿಲ್ಲುತ್ತದೆ. ಇನ್ನೂ ಸುರಿದರೆ ರಾಶಿ ದೊಡ್ಡದಾಗುತ್ತದೆಯೇ ಹೊರತು ಅದರ ಓರೆ ಮಾತ್ರ ಹೆಚ್ಚು ಕಡಿದಾಗುವುದಿಲ್ಲ. ಸುಮಾರು 30ರಿಂದ 35 ಡಿಗ್ರಿ ಓರೆ, ಅದೇ ಅದರ ಮಿತಿ. ಈಗ ಆ ರಾಶಿಯ ಬುಡದಿಂದ ಒಂದು ಹಿಡಿ ಮರಳು ತೆಗೆಯಿರಿ. ಮೇಲಿನದು ಜರ್ರೆಂದು ಇಳಿಯುತ್ತದೆ. ತೆಗೆದದ್ದು ಕೆಳಗೆ, ಇಳಿದದ್ದು ಮೇಲಿನಿಂದ! ಗುಡ್ಡದ ಮೊದಲ ಪಾಠ ಇದು. ಬುಡವೇ ಮೈಯನ್ನು ಹೊತ್ತಿರುವುದು.

ಎರಡನೆಯ ಪಾಠ ನೀರಿನದು. ಮಕ್ಕಳು ಮರಳಿನಲ್ಲಿ ಗುಬ್ಬಿಗೂಡು ಕಟ್ಟುವುದನ್ನು ನೋಡಿದ್ದೀರಿ. ಒಣ ಮರಳಿನಲ್ಲಿ ಕಟ್ಟಲಾಗದು. ತುಸು ಹಸಿ ಇದ್ದರೆ ಗೋಡೆ ನೆಟ್ಟಗೆ ನಿಲ್ಲುತ್ತದೆ. ಅದೇ ಗೂಡಿನ ಮೇಲೆ ಒಂದು ಚೊಂಬು ನೀರು ಸುರಿದರೋ, ಕರಗಿ ಹರಿದುಹೋಗುತ್ತದೆ. ಹಸಿ ಹಿಡಿದು ನಿಲ್ಲಿಸುತ್ತದೆ, ತುಂಬಿದ ನೀರು ಬಿಡಿಸುತ್ತದೆ. ಯಾಕೆ ಹಾಗೆ? ಬಾವಿಯಿಂದ ಕೊಡ ಸೇದುವ ತಾಯಂದಿರಿಗೆ ಇದು ಗೊತ್ತು. ಕೊಡ ನೀರೊಳಗಿರುವ ತನಕ ಹಗುರ. ಮೇಲೆ ಬಂದ ಕೂಡಲೆ ಹಗ್ಗ ಕೈಯನ್ನು ಜಗ್ಗುತ್ತದೆ. ನೀರು ತನ್ನೊಳಗಿನ ವಸ್ತುವನ್ನು ಎತ್ತಿ ಹಿಡಿಯುತ್ತದೆ. ಮಣ್ಣಿನ ಸಂದಿನಲ್ಲೆಲ್ಲ ನೀರು ತುಂಬಿಕೊಂಡಾಗ ಅದು ಕಣಗಳನ್ನೂ ಹೀಗೆಯೇ ಎತ್ತುತ್ತದೆ. ಒಂದು ಕಣ ಇನ್ನೊಂದರ ಮೇಲೆ ಊರಿ ಹಿಡಿದ ಹಿಡಿತ ಸಡಿಲವಾಗುತ್ತದೆ. ಕೆಳಕ್ಕೆ ಎಳೆಯುವ ತೂಕ ಮಾತ್ರ ಹೆಚ್ಚಿರುತ್ತದೆ.

ಎಷ್ಟು ಹೆಚ್ಚು ಅಂತೀರಾ? ಒಂದು ಎಕರೆಯ ಮೇಲೆ 200 ಮಿಲಿಮೀಟರ್, ಅಂದರೆ 8 ಅಂಗುಲ ಮಳೆ ಬಿದ್ದರೆ ಅದು ಸುಮಾರು 8 ಲಕ್ಷ ಲೀಟರ್ ನೀರು. ತೂಕದಲ್ಲಿ 800 ಟನ್. ಹತ್ತು ಟನ್ನಿನ ಲಾರಿಯಲ್ಲಿ ಎಂಬತ್ತು ಲೋಡು! ಎಲ್ಲವೂ ನೆಲದೊಳಗೆ ಇಳಿಯುವುದಿಲ್ಲ, ಸರಿ. ಕಾಲು ಭಾಗ ಇಳಿದರೂ ಇಪ್ಪತ್ತು ಲೋಡು ನಿಮ್ಮ ತೋಟದ ಒಂದು ಎಕರೆಯ ಮೈಮೇಲೆ ಕೂತಂತೆ.

ಇಳಿದ ನೀರು ಎಲ್ಲಿಗೆ ಹೋಗುತ್ತದೆ? ನಮ್ಮ ಕಡೆ ಬಾವಿ ತೋಡಿದವರಿಗೆ ನೆಲದ ಪದರಗಳು ಗೊತ್ತು. ಮೇಲೆ ತೋಟದ ಮಣ್ಣು. ಹಲವು ಕಡೆ ಅದರ ಕೆಳಗೆ ಜಂಬಿಟ್ಟಿಗೆ, ಕರಾವಳಿಯವರು ಮುರಕಲ್ಲು ಅನ್ನುತ್ತಾರೆ. ಅದರ ಕೆಳಗೆ ಬಿಳಿ, ಹಳದಿ ಬಣ್ಣದ ನುಣುಪು ಜೇಡಿ. ತೀರ ಕೆಳಗೆ ಬಂಡೆ. ಮುರಕಲ್ಲಿನ ತೂತುಗಳಲ್ಲಿ ನೀರು ಸಲೀಸಾಗಿ ಇಳಿಯುತ್ತದೆ. ಜೇಡಿಯ ಹತ್ತಿರ, ಬಂಡೆಯ ಹತ್ತಿರ ಬಂದು ತಡೆದು ನಿಲ್ಲುತ್ತದೆ. ಅಲ್ಲಿ ಜೇಡಿ ನೆನೆದು ಸಾಬೂನಿನ ಹಾಗೆ ಆಗುತ್ತದೆ. ಜಾರುಬಂಡೆಯ ಮೇಲೆ ಗುಡ್ಡ ಕೂತಂತೆ ಆಯಿತು. ಮೇಲೆ ನೋಡಿದರೆ ಹಸಿರು, ಒಳಗೆ ಜಾರಲು ಸಿದ್ಧ.

ಈಗ ಅಜ್ಜನ ಕಾಲದ ಪ್ರಶ್ನೆಗೆ ಬರೋಣ. ಅಜ್ಜ ಹಾರೆ ಗುದ್ದಲಿಯಲ್ಲಿ ಒಂದು ಬೇಸಿಗೆ ಪೂರ್ತಿ ಅಗೆದರೂ ಆಳೆತ್ತರದ ಧರೆ ಕಡಿಯುವುದು ಕಷ್ಟವಾಗಿತ್ತು. ಇವತ್ತು ಜೆಸಿಬಿ ಬಂದರೆ ಒಂದೇ ದಿನದಲ್ಲಿ ಮೂರಾಳು ಧರೆ ನೆಟ್ಟಗೆ ನಿಲ್ಲಿಸಿ ಹೋಗುತ್ತದೆ. ಮನೆಗೆ ಅಂಗಳ, ಅಂಗಳಕ್ಕೆ ರಸ್ತೆ, ಕಡಿದ ಮಣ್ಣನ್ನು ಮುಂದಿನ ಇಳಿಜಾರಿಗೆ ತಳ್ಳಿ ಇನ್ನಷ್ಟು ಜಾಗ. ಹಿಂದೆ ಗುಡ್ಡದ ಬುಡ ಹೋಯಿತು, ಮುಂದೆ ಸಡಿಲ ಮಣ್ಣಿನ ಭಾರ ಕೂತಿತು. ಎರಡು ಕಡೆಯೂ ಅಪಾಯ. ಕೊಡಗಿನ ಜಾಗಗಳನ್ನು ಪರೀಕ್ಷಿಸಿದ ಭೂವಿಜ್ಞಾನ ಸರ್ವೇಕ್ಷಣೆಯ ತಜ್ಞರು ಹೇಳಿದ್ದೂ ಇದನ್ನೇ. ಹೆಚ್ಚಾದ ಮಳೆ ಒಂದು ಕಾರಣ, ರಸ್ತೆಗೆ ಮನೆಗೆ ಎಂದು ಇಳಿಜಾರನ್ನು ಕಡಿದದ್ದು ಇನ್ನೊಂದು. ಇದರ ಜೊತೆಗೆ ಗಾಳಿಯ ಕಾವು ಏರಿದಷ್ಟೂ ಅದು ಹೊರುವ ನೀರು ಹೆಚ್ಚು. ಹಾಗಾಗಿ ಒಂದೇ ಸಲಕ್ಕೆ ದಬದಬ ಸುರಿಯುವ ಮಳೆಯೂ ಹೆಚ್ಚುತ್ತಿದೆ. ಮಳೆ ನಮ್ಮ ಕೈಯಲ್ಲಿಲ್ಲ. ಹಾರೆ, ಜೆಸಿಬಿ ನಮ್ಮ ಕೈಯಲ್ಲಿವೆ.

ಮರದ ವಿಷಯ ಒಂದು ಮಾತು. ಬೇರು ಮೇಲ್ಮಣ್ಣನ್ನು ಹೊಲಿದು ಹಿಡಿಯುತ್ತದೆ. ಮರ ಕಡಿದ ವರ್ಷವೇ ಅಪಾಯ ಕಾಣುವುದಿಲ್ಲ. ಕೆಲವು ವರ್ಷದಲ್ಲಿ ಬೇರು ಕೊಳೆತ ಮೇಲೆ ಕಾಣುತ್ತದೆ, ಅಷ್ಟರಲ್ಲಿ ಕಡಿದದ್ದು ಮರೆತಿರುತ್ತದೆ. ಹಾಗೆಂದು ಮರವಿದ್ದರೆ ಏನೂ ಆಗದು ಎಂದು ಧೈರ್ಯವಾಗಿರಲೂಬಾರದು. 2018ರಲ್ಲಿ ನೆರಳು ಮರಗಳಿದ್ದ ಕಾಫಿ ತೋಟಗಳೂ ಜಾರಿದವು. ಬೇರು ಮುಟ್ಟದ ಆಳದಲ್ಲಿ ಮಣ್ಣು ಸಡಿಲಿದರೆ ಮರ ನಿಂತ ಹಾಗೆಯೇ ಕೆಳಗೆ ಬರುತ್ತದೆ.

ಇಂಗುಗುಂಡಿಯ ವಿಷಯವನ್ನೂ ತಿಳಿದುಕೊಳ್ಳಿ. ಬಯಲಿನಲ್ಲಿ, ಸಣ್ಣ ಇಳಿಜಾರಿನಲ್ಲಿ ನೀರು ಇಂಗಿಸುವುದು ಪುಣ್ಯದ ಕೆಲಸ. ಕಡಿದಾದ ಗುಡ್ಡದ ನೆತ್ತಿಯಲ್ಲಿ, ಮನೆಯ ನೇರ ಮೇಲೆ, ಅದೇ ಗುಂಡಿ ತೋಡಿದರೆ ಜೇಡಿಗೆ ನೀರು ಕುಡಿಸಿದಂತೆ. ಅಲ್ಲಿ ಬೇಕಾದ್ದು ಇಂಗಿಸುವುದಲ್ಲ, ಹೊರಗೆ ಬಸಿಯುವುದು.

ಹಾಗಾದರೆ ಮಾಡುವುದೇನು?

ಒಂದು, ಬುಡ ಕಡಿಯಬೇಡಿ. ಕಡಿಯಲೇಬೇಕಾದರೆ ಒಂದೇ ಎತ್ತರದ ಗೋಡೆಯ ಹಾಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ, ಓರೆಯಾಗಿ ಕಡಿಯಿರಿ. ಧರೆಯ ಎತ್ತರ ಎಷ್ಟೋ, ಕಡಿಮೆಯೆಂದರೆ ಅಷ್ಟು ದೂರವಾದರೂ ಮನೆಗೂ ಧರೆಗೂ ಇರಲಿ. ಮಳೆಗಾಲದಲ್ಲಂತೂ ಧರೆ ಮುಟ್ಟಲೇಬಾರದು.

ಎರಡು, ನೀರಿಗೆ ದಾರಿ ಬಿಡಿ. ಧರೆಯ ಮೇಲಂಚಿಗೆ ಒಂದು ಅಡ್ಡಗಾಲುವೆ ತೆಗೆದು, ಅದರಲ್ಲಿ ನೀರು ನಿಲ್ಲದಂತೆ ಗಟ್ಟಿನೆಲದ ಹಳ್ಳಕ್ಕೆ ಸಾಗಿಸಿ. ಜ್ಯೇಷ್ಠ ಮಾಸಕ್ಕೆ ಮುಂಚೆಯೇ ಅದರ ಕಸ, ತರಗು ತೆಗೆಯಿರಿ. ಮುಚ್ಚಿಹೋದ ಕಾಲುವೆ, ಕಾಲುವೆ ಇಲ್ಲದ್ದಕ್ಕಿಂತ ಕೆಟ್ಟದ್ದು. ಹಳೆಯ ಹಳ್ಳವನ್ನು ಮುಚ್ಚಿ ತೋಟ ಮಾಡಬೇಡಿ. ಹಳ್ಳ ತನ್ನ ದಾರಿ ಮರೆಯುವುದಿಲ್ಲ.

ಮೂರು, ಧರೆಗೆ ಕಲ್ಲಿನ ತಡೆಗೋಡೆ ಕಟ್ಟಿಸಿದರೆ ಅದರಲ್ಲಿ ನೀರು ಬಸಿಯುವ ಕಿಂಡಿಗಳನ್ನು ಬಿಡಿಸಿ, ಹಿಂದೆ ಜಲ್ಲಿ ತುಂಬಿಸಿ. ಕಿಂಡಿಯಿಲ್ಲದ ಗೋಡೆ ನೀರಿಗೆ ಅಣೆಕಟ್ಟು. ಅದು ಒಡೆದರೆ ಮಣ್ಣಿನ ಜೊತೆ ಕಲ್ಲೂ ಬರುತ್ತದೆ. ಬರಿದಾದ ಓರೆಗೆ ಲಾವಂಚ ನೆಡಿ, ಅದರ ಬೇರು ನೆಟ್ಟಗೆ ಆಳಕ್ಕೆ ಇಳಿಯುತ್ತದೆ.

ನಾಲ್ಕು, ಗುಡ್ಡ ಹೇಳುವುದನ್ನು ಕೇಳಿ. ಬಹಳ ಸಲ ಅದು ಮುಂಚೆಯೇ ಸೂಚನೆ ಕೊಡುತ್ತದೆ. ತೋಟದಲ್ಲಿ ಅರ್ಧಚಂದ್ರದ ಹಾಗೆ ಬಿರುಕು ಬಿಡುತ್ತದೆ. ಮನೆಯ ನೆಲ, ಗೋಡೆ ಸೀಳುತ್ತದೆ. ನಿನ್ನೆ ಸರಿಯಾಗಿ ಹಾಕಿದ ಬಾಗಿಲು ಇವತ್ತು ಕಚ್ಚಿಕೊಳ್ಳುತ್ತದೆ. ಮರ, ಕರೆಂಟು ಕಂಬ ವಾಲುತ್ತವೆ. ಇಲ್ಲದ ಜಾಗದಲ್ಲಿ ಒರತೆ ಹುಟ್ಟುತ್ತದೆ, ಇದ್ದ ಒರತೆ ಕೆಂಪಗೆ ಕದಡುತ್ತದೆ. ಎಲ್ಲಕ್ಕಿಂತ ಕೆಟ್ಟ ಸೂಚನೆ, ಜೋರು ಮಳೆಯಲ್ಲಿ ಹಳ್ಳದ ನೀರು ಇದ್ದಕ್ಕಿದ್ದಂತೆ ಕಡಿಮೆಯಾಗುವುದು. ಮೇಲೆಲ್ಲೋ ಮಣ್ಣು ಬಿದ್ದು ಹಳ್ಳ ಕಟ್ಟಿದೆ, ಅದು ಒಡೆದು ಬರಲಿದೆ ಎಂದರ್ಥ. ಆಗ ನೋಡಲು ಹೋಗಬೇಡಿ, ಓಡಿ. ಓಡುವುದು ಹಳ್ಳದ ಉದ್ದಕ್ಕಲ್ಲ, ಪಕ್ಕದ ದಿಣ್ಣೆಗೆ.

ಸಣ್ಣ ಬಿರುಕು ಕಂಡರೆ ಎರಡೂ ದಡಕ್ಕೆ ಒಂದೊಂದು ಗೂಟ ಹೊಡೆದು ನಡುವಿನ ಅಂತರ ಅಳೆದಿಡಿ. ಬಿರುಕಿಗೆ ಜೇಡಿ ತುಂಬಿ, ಮೇಲೆ ಟಾರ್ಪಾಲು ಹೊದಿಸಿ. ನೀರು ಅದರೊಳಗೆ ಇಳಿಯಬಾರದು. ಅಂತರ ಹೆಚ್ಚಿತೆಂದರೆ ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಜಾಗ ಬಿಡಿ. ಹಾಗೆಯೇ ನೇರ ಅಂಚಿನ ಒಂದು ಪಾತ್ರೆಯನ್ನು ಬಯಲಿನಲ್ಲಿಟ್ಟು, ದಿನವೂ ಬೆಳಿಗ್ಗೆ ಅಳತೆಪಟ್ಟಿಯಲ್ಲಿ ನೀರು ಅಳೆದು ಬರೆದಿಡಿ. ಶಾಲೆಗೆ ಹೋಗುವ ಮಕ್ಕಳು ಇದನ್ನು ಸಂತೋಷದಿಂದ ಮಾಡುತ್ತಾರೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ 115 ಮಿಲಿಮೀಟರ್ ದಾಟಿದರೆ ಅತಿ ಭಾರಿ ಮಳೆ, 204 ದಾಟಿದರೆ ಅತ್ಯಂತ ಭಾರಿ. ವಾರವಿಡೀ ಸುರಿದು ನೆಲ ನೆನೆದಿರುವಾಗ ಇಂಥ ಒಂದು ದಿನ ಬಂದರೆ ಧರೆಯ ಕೆಳಗಿನ ಕೋಣೆಯಲ್ಲಿ ಯಾರೂ ಮಲಗಬಾರದು.

"ಮನೆ ಬಿಟ್ಟು ಹೋಗಿ ಅಂತೀರಲ್ಲ, ದನ ಕರು ಏನು ಮಾಡೋದು?" ಅಂತೀರಿ. ನಿಜ, ಹಟ್ಟಿಯಲ್ಲಿ ಹಸು ಬಿಟ್ಟು ಬರಲು ಯಾವ ಒಕ್ಕಲಿಗನ ಮನಸ್ಸೂ ಒಪ್ಪದು. ಅದಕ್ಕೇ ಕತ್ತಲಾದ ಮೇಲೆ ಯೋಚಿಸಬೇಡಿ. ಗಟ್ಟಿ ಜಾಗದ ನೆಂಟರ ಮನೆ ಯಾವುದು, ದನ ಕಟ್ಟುವುದೆಲ್ಲಿ ಎಂದು ಬೇಸಿಗೆಯಲ್ಲೇ ಮಾತಾಡಿಟ್ಟುಕೊಳ್ಳಿ. ಬೆಳಕಿರುವಾಗಲೇ ಹೊಡೆದುಕೊಂಡು ಹೋಗಿ. ಅದಕ್ಕೂ ಸಮಯವಿಲ್ಲದಿದ್ದರೆ ಕಣ್ಣಿ ಬಿಚ್ಚಿಬಿಡಿ. ಕಟ್ಟಿ ಹಾಕದ ದನ ತನ್ನ ದಾರಿ ತಾನು ಹುಡುಕೀತು. ಜಮೀನಿನ ಕಾಗದ, ಔಷಧಿ, ಒಂದು ಬ್ಯಾಟರಿ ದೀಪ ಒಂದೇ ಚೀಲದಲ್ಲಿರಲಿ. ಜಿಲ್ಲಾಡಳಿತದ ಸಹಾಯವಾಣಿ 1077, ತುರ್ತು ಕರೆಗೆ 112. ಈ ಎರಡನ್ನೂ ಅಡಿಗೆಮನೆಯ ಗೋಡೆಗೆ ಇದ್ದಿಲಿನಲ್ಲಿ ಬರೆದಿಡಿ.

ನಮ್ಮ ಮನೆ ಧರೆಯ ಪಕ್ಕ ಇಲ್ಲ ಎಂದು ನಿಶ್ಚಿಂತೆಯಾಗಿರುವವರೂ ಕೇಳಿ. ಶಿರೂರಿನಲ್ಲಿ ಗುಡ್ಡ ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ನೀರು ಎದ್ದು, ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ವಯನಾಡಿನಲ್ಲಿ ಜರಿದ ಜಾಗ ಒಂದು ಕಡೆ, ಸತ್ತ ಜನ ಕಿಲೋಮೀಟರುಗಟ್ಟಲೆ ಕೆಳಗೆ, ಹೊಳೆಯ ದಡದಲ್ಲಿ. ಆದ್ದರಿಂದ ಇದು ಒಂದು ಮನೆಯ ಕೆಲಸವಲ್ಲ. ಮೇಲಿನವನು ಕಡಿದರೆ ಕೆಳಗಿನವನಿಗೆ ಕೇಡು. ಗ್ರಾಮಸಭೆಯಲ್ಲಿ ಕೂತು, ನಮ್ಮೂರ ಹಳ್ಳದ ತಲೆ ಎಲ್ಲಿದೆ, ಅಲ್ಲಿ ಯಾರು ಏನು ಅಗೆಯುತ್ತಿದ್ದಾರೆ ಎಂದು ವಿಚಾರಿಸಿ. ಅದು ಜಗಳವಲ್ಲ, ಜೀವದ ಲೆಕ್ಕ.

ಕೊನೆಗೊಂದು ಎಚ್ಚರಿಕೆ. ಮಳೆ ನಿಂತರೂ ಮರದ ಹನಿ ನಿಲ್ಲದು ಅಂತ ಗಾದೆಯಿದೆಯಲ್ಲ, ಗುಡ್ಡದ್ದೂ ಹಾಗೆಯೇ. ಹೊರಗೆ ಬಿಸಿಲು ಬಿದ್ದರೂ ಒಳಗಿನ ನೀರು ಬಸಿಯಲು ದಿನ ಬೇಕು. ಆಕಾಶ ತೆರೆಯಿತೆಂದು ಅವಸರ ಮಾಡಿ ಮನೆಗೆ ಮರಳಬೇಡಿ. ಬಿರುಕು ನೋಡಿ, ಒರತೆಯ ಬಣ್ಣ ನೋಡಿ, ಗೂಟಗಳ ಅಂತರ ಅಳೆಯಿರಿ. ಮೂರೂ ಸರಿಯಿದ್ದರೆ, ಅಧಿಕಾರಿಗಳೂ ಒಪ್ಪಿದರೆ, ಆಮೇಲೆ ಒಲೆ ಹೊತ್ತಿಸಿ.

ಗದ್ದೆ ಮತ್ತೆ ಮಾಡಬಹುದು, ಕಾಫಿ ಗಿಡ ಮತ್ತೆ ನೆಡಬಹುದು. ನೆಡುವ ಕೈ ಉಳಿದಿರಬೇಕು, ಅಷ್ಟೆ.