ಕೂಸು ಕಾಯುವವರ ಕೂಟ

ಅಹಮದಾಬಾದಿನ ಜಮಾಲ್‌ಪುರ ಮಾರುಕಟ್ಟೆಗೆ ತರಕಾರಿ ಬಂದಿಳಿಯುವುದು ಬೆಳಕು ಹರಿಯುವ ಮೊದಲು. ಬುಟ್ಟಿ ಹೊತ್ತು ಬೀದಿಬೀದಿಯಲ್ಲಿ ಮಾರುವ ಹೆಂಗಸು ಆ ಹೊತ್ತಿಗೆ ಅಲ್ಲಿರಬೇಕು. ತಡವಾದರೆ ಬಾಡಿದ ಸೊಪ್ಪು, ಒಡೆದ ಟೊಮೆಟೊ ಅಷ್ಟೇ ಅವಳ ಪಾಲಿಗೆ. ಮನೆಯಲ್ಲಿ ಮೊಲೆಯುಣ್ಣುವ ಕೂಸಿದ್ದರೆ ಅದನ್ನು ಯಾರ ಕೈಗೆ ಕೊಟ್ಟು ಹೋಗಬೇಕು? ಹೆಚ್ಚಿನ ಮನೆಗಳಲ್ಲಿ ಕೂಸಿನ ಅಕ್ಕನ ಕೈಗೆ. ಅಕ್ಕನಿಗೆ ಎಂಟೋ ಒಂಬತ್ತೋ ವರ್ಷ. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡ ದಿನವೇ ಅವಳ ಶಾಲೆ ಮುಗಿಯಿತು.

ಇದೇ ಊರಿನಲ್ಲಿ ಇಲಾ ಭಟ್ 1972ರಲ್ಲಿ ಕಟ್ಟಿದ ‘ಸೇವಾ’ ಸಂಘಟನೆಯ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದಾರೆ. ತರಕಾರಿ ಮಾರುವವರು, ಬೀಡಿ ಕಟ್ಟುವವರು, ತಲೆಹೊರೆ ಹೊರುವವರು, ಚಿಂದಿ ಆಯುವವರು, ಒಟ್ಟಿನಲ್ಲಿ ಮಾಲೀಕ ಇಂಥವನೆಂದು ತೋರಿಸಲಾಗದ ದುಡಿಮೆಯ ಹೆಂಗಸರ ಸಂಘ ಅದು. 1974ರಲ್ಲಿ ಅವರದೇ ಸಹಕಾರಿ ಬ್ಯಾಂಕ್ ಬಂತು. ಆ ಬ್ಯಾಂಕಿನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅದೇ ಸಂಘಟನೆಯ ಮಡಿಲಿನಿಂದ 1986ರಲ್ಲಿ ಹುಟ್ಟಿದ ‘ಸಂಗಿನಿ’ಯನ್ನು ಬಲ್ಲವರು ಕಡಿಮೆ. ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರೇ ಸೇರಿ ಮಾಡಿಕೊಂಡ ಸಹಕಾರ ಸಂಘವಿದು. ಷೇರುದಾರರೂ ಅವರೇ, ಆಡಳಿತ ಮಂಡಳಿಯನ್ನು ಆರಿಸುವವರೂ ಅವರೇ. ತಂಬಾಕಿನ ಹೊಲಗಳಿರುವ ಖೇಡಾ ಸೀಮೆಯಲ್ಲಿ ‘ಶೈಶವ’ ಎಂಬ ಇಂಥದೇ ಇನ್ನೊಂದು ಸಂಘವಿದೆ. ತಂಬಾಕು ಹದಮಾಡುವ ಜಾಗದಲ್ಲಿ, ಆ ಘಾಟಿನ ದೂಳಿನ ನಡುವೆ ತಾಯಿಯ ಪಕ್ಕದಲ್ಲೇ ಮಲಗುತ್ತಿದ್ದ ಕೂಸುಗಳಿಗಾಗಿ ಹುಟ್ಟಿದ್ದು ಅದು.

ಸಂಗಿನಿಯ ಕೇಂದ್ರ ಎಂದರೆ ದೊಡ್ಡ ಕಟ್ಟಡವೇನೂ ಅಲ್ಲ. ದುಡಿಯುವವರ ಕೇರಿಯಲ್ಲೇ ಒಂದೆರಡು ಕೋಣೆ, ಬಾಲಸೇವಿಕೆಯರಿಬ್ಬರು. ಸೇವಿಕೆ ಹೆಚ್ಚಾಗಿ ಅದೇ ಕೇರಿಯವಳು. ಯಾವ ಮಗುವಿನ ಅಪ್ಪನಿಗೆ ಕೆಲಸ ಹೋಗಿದೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂಬುದೆಲ್ಲ ಅವಳಿಗೆ ಗೊತ್ತು. ಕೇಂದ್ರ ತೆರೆಯುವ, ಮುಚ್ಚುವ ಹೊತ್ತು ತಾಯಂದಿರ ದುಡಿಮೆಯ ಹೊತ್ತಿಗೆ ಹೊಂದಿಕೊಂಡಿರುತ್ತದೆ. ಬಿಸಿಯೂಟ, ಆಟ, ಹಾಡು, ಮಧ್ಯಾಹ್ನದ ನಿದ್ದೆ ಎಲ್ಲ ಉಂಟು. ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ತೂಕದ ದಿನ. ಮಗುವನ್ನು ತಕ್ಕಡಿಗೆ ಹಾಕಿ ನೋಡಿ, ತೂಕ ಬರೆದು, ಹಿಂದಿನ ಸಲದ ಅಂಕಿಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಗೆರೆ ಏರದೆ ನಿಂತಿದ್ದರೆ ಸೇವಿಕೆ ಆ ಮನೆಗೆ ಹೋಗಿ ಕೂತು ವಿಚಾರಿಸುತ್ತಾಳೆ. ಭೇದಿಯಾಗಿತ್ತೇ, ಮೊಲೆ ಬಿಡಿಸಿದಿರಾ, ರಾತ್ರಿ ಏನು ಉಣಿಸುತ್ತೀರಿ ಎಂದು ಕೇಳುತ್ತಾಳೆ. ಮಗುವನ್ನು ಕಾಯುವ ಕೆಲಸಕ್ಕೂ ಬೆಳೆಸುವ ಕೆಲಸಕ್ಕೂ ಇರುವ ಅಂತರ ಆ ಒಂದು ಭೇಟಿಯಲ್ಲಿದೆ. ತಾಯಂದಿರೂ ತಿಂಗಳು ತಿಂಗಳು ಕೈಲಾದಷ್ಟು ಶುಲ್ಕ ಕೊಡುತ್ತಾರೆ.

ಇಷ್ಟೇ ಆಗಿದ್ದರೆ ಇದನ್ನು ಒಳ್ಳೆಯ ಬಾಲವಾಡಿ ಎಂದು ಹೊಗಳಿ ಸುಮ್ಮನಾಗಬಹುದಿತ್ತು. ಒಳ್ಳೆಯ ಬಾಲವಾಡಿಗಳು ಎಲ್ಲೆಡೆ ಹುಟ್ಟುತ್ತವೆ, ನಾಲ್ಕು ವರ್ಷ ನಡೆದು ಮುಚ್ಚಿಹೋಗುತ್ತವೆ. ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ‘ಬೇಬಿ ಸಿಟ್ಟಿಂಗ್’ ಬೋರ್ಡು ಹಾಕಿಕೊಂಡ ಮನೆಯನ್ನು ಗಮನಿಸಿ. ಅಲ್ಲಿನ ಆಂಟಿಯೇ ಅಡುಗೆಯವಳು, ಆಯಾ, ಟೀಚರು, ಗುಮಾಸ್ತೆ. ಬಾಡಿಗೆ, ಕರೆಂಟು ಬಿಲ್ಲು, ಶುಲ್ಕ ಬಾಕಿ ಉಳಿಸಿಕೊಂಡವರಿಗೆ ಫೋನು, ಸೋರುವ ನಲ್ಲಿ, ಎಲ್ಲವೂ ಅವಳ ತಲೆಗೇ. ಅವಳಿಗೆ ಜ್ವರ ಬಂದ ದಿನ ಬಾಗಿಲು ಹಾಕುತ್ತದೆ. ಅಂದು ಐದಾರು ತಾಯಂದಿರು ಕೆಲಸಕ್ಕೆ ಚಕ್ಕರ್ ಹಾಕಬೇಕಾಗುತ್ತದೆ. ಹದಿನೈದು ಮಕ್ಕಳ ಜಾಗಕ್ಕೆ ಒಬ್ಬ ಲೆಕ್ಕಿಗನನ್ನೋ ಬದಲಿ ಆಯಾಳನ್ನೋ ಸಂಬಳ ಕೊಟ್ಟು ಇಟ್ಟುಕೊಳ್ಳುವುದು ಆಗದ ಮಾತು. ಅವಳು ಸೋಲುವುದು ಮಕ್ಕಳನ್ನು ನೋಡಿಕೊಳ್ಳಲು ಬಾರದೆ ಅಲ್ಲ, ಉಳಿದದ್ದನ್ನೆಲ್ಲ ಒಬ್ಬಳೇ ಹೊರಲಾರದೆ.

ಒಬ್ಬಳೇ ಹೊರಲಾರದ್ದನ್ನು ಹಂಚಿಕೊಳ್ಳುವುದು ಹೇಗೆಂದು ತಿಳಿಯಲು ನಮ್ಮ ಹಳ್ಳಿಯ ಹಾಲಿನ ಡೇರಿಯನ್ನೇ ನೋಡಿ. ಸಂಘದ ಕಾರ್ಯದರ್ಶಿ ಹಾಲು ಅಳೆಯುತ್ತಾನೆ, ಫ್ಯಾಟ್ ನೋಡುತ್ತಾನೆ, ಪುಸ್ತಕದಲ್ಲಿ ಬರೆಯುತ್ತಾನೆ. ದನದ ಡಾಕ್ಟರು, ಪಶು ಆಹಾರ, ಹಾಲಿನ ಲಾರಿ, ಪ್ಯಾಕೆಟ್ಟು, ಮಾರಾಟ ಇವೆಲ್ಲ ಜಿಲ್ಲಾ ಒಕ್ಕೂಟದ ಮತ್ತು ಮಹಾಮಂಡಳದ ಹೊಣೆ. ನಾಲ್ಕು ಎಮ್ಮೆ ಸಾಕಿದವಳು ಹಾಗಾಗಿಯೇ ಮಾರುಕಟ್ಟೆಯಲ್ಲಿ ನಿಂತಿದ್ದಾಳೆ. ಖೇಡಾ ಜಿಲ್ಲೆಯ ಹಾಲು ಒಕ್ಕೂಟ 1946ರಿಂದ ಈ ಏರ್ಪಾಟನ್ನು ಗುಜರಾತಿಗೆ ಕಲಿಸಿತ್ತು. ಅದೇ ನೆಲದಲ್ಲಿ ಸೇವಾದ ಹೆಂಗಸರು 1992ರಲ್ಲಿ ತಮ್ಮ ಸಣ್ಣಪುಟ್ಟ ಸಹಕಾರ ಸಂಘಗಳನ್ನೆಲ್ಲ ಸೇರಿಸಿ ಒಂದು ಮಹಾಮಂಡಳ ಕಟ್ಟಿಕೊಂಡರು. ಕುಶಲಕರ್ಮಿಗಳು, ಕಸ ಗುಡಿಸುವವರು, ಹೈನುಗಾರರು, ಶಿಶುಪಾಲಕಿಯರು ಎಲ್ಲರ ಸಂಘಗಳಿಗೂ ಅದೇ ಮೇಲಿನ ಒಕ್ಕೂಟ.

ಈ ಮಹಾಮಂಡಳದಿಂದ ಸಂಗಿನಿಯಂಥ ಸಂಘಕ್ಕೆ ಸಿಗುವುದು ಬರೀ ಬೆನ್ನು ತಟ್ಟುವಿಕೆಯಲ್ಲ. ಲೆಕ್ಕಪತ್ರ, ಆಡಿಟ್ಟು, ಸಹಕಾರ ಇಲಾಖೆಗೆ ಕೊಡಬೇಕಾದ ಕಾಗದಪತ್ರಗಳಿಗೆ ನೆರವಿದೆ. ಆಡಳಿತ ಮಂಡಳಿಗೆ ಆರಿಸಿಬಂದ ಸೇವಿಕೆಗೆ ಜಮಾಖರ್ಚು ಓದುವುದನ್ನು, ಸಭೆ ನಡೆಸುವುದನ್ನು ಕಲಿಸುತ್ತಾರೆ. ಸರ್ಕಾರದ ಕಚೇರಿಯಲ್ಲಿ ಮಾತಾಡುವಾಗ ಅವಳ ಹಿಂದೆ ಒಂದು ದೊಡ್ಡ ಸಂಸ್ಥೆ ನಿಂತಿರುತ್ತದೆ. ಅಕ್ಕಪಕ್ಕದಲ್ಲಿ ಸೋದರ ಸಂಸ್ಥೆಗಳೂ ಇವೆ. ಮಕ್ಕಳ, ತಾಯಂದಿರ ಆರೋಗ್ಯಕ್ಕೆ 1990ರಲ್ಲಿ ನೋಂದಣಿಯಾದ ‘ಲೋಕ ಸ್ವಾಸ್ಥ್ಯ’ ಸಹಕಾರ ಸಂಘ, ವಿಮೆಗೆ ‘ವಿಮೋ ಸೇವಾ’, ಉಳಿತಾಯಕ್ಕೂ ಸಾಲಕ್ಕೂ ಬ್ಯಾಂಕ್. ಸೇವಿಕೆ ಸ್ವತಃ ಆಸ್ಪತ್ರೆ ಸೇರಿದರೆ ಬಡ್ಡಿಯವನ ಬಾಗಿಲಿಗೆ ಹೋಗಬೇಕಾಗಿಲ್ಲ. ಮಕ್ಕಳನ್ನು ನೋಡಿಕೊಳ್ಳುವವಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ನನ್ನ ಮಟ್ಟಿಗೆ ಇದಕ್ಕಿಂತ ನೇರವಾದ ಉತ್ತರ ಇನ್ನೊಂದಿಲ್ಲ.

ಅಮೆರಿಕದಲ್ಲೂ ಸಣ್ಣ ಡೇ ಕೇರ್‌ಗಳು ಬೇರೆ ದಾರಿಯಿಂದ ಇಲ್ಲಿಗೇ ಬಂದಿವೆ. ಅಲ್ಲಿ ಅನೇಕ ರಾಜ್ಯಗಳ ನಿಯಮದ ಪ್ರಕಾರ ನಾಲ್ಕು ಹಸುಗೂಸಿಗೆ ಒಬ್ಬ ಆರೈಕೆಯವಳು ಇರಲೇಬೇಕು. ಹೀಗಾಗಿ ಖರ್ಚಿನ ಬಹುಪಾಲು ಸಂಬಳವೇ. ಆದರೂ ಆ ಸಂಬಳ ಬಾಳ್ವೆಗೆ ಸಾಲದು. ಲೂಯಿಸ್ ಸ್ಟೋನಿ ಎಂಬ ತಜ್ಞೆ ಇದನ್ನು ‘ಕಬ್ಬಿಣದ ತ್ರಿಕೋನ’ ಎಂದು ಕರೆದರು. ಎಲ್ಲ ಸೀಟೂ ಭರ್ತಿಯಾಗಬೇಕು, ಶುಲ್ಕ ಪೂರ್ತಿ ವಸೂಲಾಗಬೇಕು, ಒಂದು ಮಗುವಿನ ಮೇಲೆ ತಗಲುವ ಖರ್ಚನ್ನು ಬರುವ ಹಣ ತುಂಬಿಕೊಡಬೇಕು. ಮೂರರಲ್ಲಿ ಒಂದು ಸಡಿಲವಾದರೂ ಕೇಂದ್ರ ಅಲುಗಾಡುತ್ತದೆ. ಇದಕ್ಕೆ ಕಂಡುಕೊಂಡ ಉಪಾಯವೇ ಹಂಚಿಕೆಯ ಸೇವೆ. ಟೆನೆಸ್ಸಿ ರಾಜ್ಯದ ಚಟನೂಗಾದಲ್ಲಿ ಚಾಂಬ್ಲಿಸ್ ಸೆಂಟರ್ ಎಂಬ ಹಳೆಯ ಸಂಸ್ಥೆಯಿದೆ. ರಾತ್ರಿಪಾಳಿಯ ತಾಯ್ತಂದೆಯರಿಗಾಗಿ ಹಗಲೂ ಇರುಳೂ ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ಅದು ಹೆಸರಾಗಿದೆ. ತನ್ನ ಕಚೇರಿಯ ಬಲವನ್ನು ಅದು ನಗರದ ಇತರ ಕೇಂದ್ರಗಳಿಗೂ ಕೊಡುತ್ತದೆ. ಬಿಲ್ಲು, ಸಂಬಳದ ಪಟ್ಟಿ, ಖರೀದಿಯಂಥವು ಒಂದೇ ಕಡೆ ನಡೆದರೆ ಕೇಂದ್ರದ ಮುಖ್ಯಸ್ಥೆ ಕಂಪ್ಯೂಟರಿನ ಮುಂದಿನಿಂದ ಎದ್ದು ತರಗತಿಗೆ ಹೋಗಬಹುದು. ಬೇರೆ ಕೆಲವು ಊರುಗಳಲ್ಲಿ ಹತ್ತಾರು ಕೇಂದ್ರಗಳು ಸೇರಿ ಬದಲಿ ಶಿಕ್ಷಕಿಯರ ಒಂದು ತಂಡ ಇಟ್ಟುಕೊಂಡಿವೆ. ಯಾರಿಗೆ ಜ್ವರ ಬಂದರೂ ಆ ತಂಡದವರು ಹೋಗಿ ನಿಲ್ಲುತ್ತಾರೆ.

ಒಂದು ಮಾತನ್ನು ಇಲ್ಲಿ ಖಡಾಖಂಡಿತವಾಗಿ ಹೇಳಬೇಕು. ಲೆಕ್ಕ ಹಂಚಿಕೊಂಡ ಮಾತ್ರಕ್ಕೆ ಸಂಬಳ ಏರುವುದಿಲ್ಲ. ತರಕಾರಿ ಮಾರುವವಳು ಕೊಡಬಲ್ಲ ಶುಲ್ಕದಿಂದ ಇನ್ನೊಬ್ಬಳ ಸಂಸಾರ ನಡೆಯದು. ಸಂಗಿನಿಯೂ ಶುಲ್ಕದ ಜೊತೆಗೆ ದಾನಿಗಳ, ಸರ್ಕಾರದ ನೆರವನ್ನು ನೆಚ್ಚಿಕೊಂಡೇ ಬಂದಿದೆ. ರಾಷ್ಟ್ರೀಯ ಶಿಶುಪಾಲನಾ ಯೋಜನೆಯನ್ನು 2017ರಲ್ಲಿ ಪರಿಷ್ಕರಿಸಿದಾಗ ಕಾರ್ಯಕರ್ತೆಗೆ ಗೊತ್ತು ಮಾಡಿದ್ದು ತಿಂಗಳಿಗೆ 3,000 ರೂಪಾಯಿ ಗೌರವಧನ. ದಿನವಿಡೀ ಕಂದಮ್ಮಗಳ ಜೀವಕ್ಕೆ ಹೊಣೆಯಾಗಿರುವವಳಿಗೆ ಗೊತ್ತು ಮಾಡಿದ ಆ ಮೊತ್ತದಲ್ಲಿ ಗೌರವವೂ ಇರಲಿಲ್ಲ, ಧನವೂ ಇರಲಿಲ್ಲ. ಒಕ್ಕೂಟ ಉಳಿಸಿಕೊಟ್ಟ ಹಣ ಸೇವಿಕೆಯ ಸಂಬಳಕ್ಕೆ ಸೇರಬೇಕು, ಅದರ ಮೇಲೆ ಸರ್ಕಾರದ ಹಣವೂ ಬರಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ತಪ್ಪಿಸುವುದು ಸಲ್ಲದು.

ಕರ್ನಾಟಕಕ್ಕೆ ಈ ಮಾತು ದೂರದ್ದಲ್ಲ. ದೇಶದ ಮೊದಲ ಸುತ್ತಿನ ಅಂಗನವಾಡಿಗಳು 1975ರಲ್ಲಿ ಶುರುವಾದಾಗ ನಮ್ಮ ತಿ. ನರಸೀಪುರ ಆ ಪಟ್ಟಿಯಲ್ಲಿತ್ತು. ಆದರೆ ಅಂಗನವಾಡಿಯಲ್ಲಿ ಕೂರುವುದು ಮೂರು ತುಂಬಿದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಒಯ್ಯುವ ಆಹಾರದ ಪೊಟ್ಟಣ ಸಿಗುತ್ತದೆ, ಮಡಿಲು ಸಿಗುವುದಿಲ್ಲ. ಆ ಕೊರತೆ ತುಂಬಲು 2023ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಣೆಯಾಯಿತು. ಉದ್ಯೋಗ ಖಾತರಿಗೆ ಹೋಗುವ ತಾಯಂದಿರ ಮಕ್ಕಳಿಗೆ ಊರಿನಲ್ಲೇ ಒಂದು ನೆರಳು, ನೋಡಿಕೊಳ್ಳಲು ಅದೇ ಊರಿನ ತರಬೇತಾದ ಹೆಂಗಸರು. ಯೋಜನೆಯ ಹೆಸರಿನಷ್ಟೇ ಅದರ ಉದ್ದೇಶವೂ ಚೆಂದ. ಆದರೆ ಪಾಳಿಯ ಮೇಲೆ ಬಂದು ಹೋಗುವ ಆರೈಕೆಯವಳಿಗೆ ಕಸುಬು ಕೈಗೆ ಹತ್ತುವಷ್ಟರಲ್ಲಿ ಅವಳ ಪಾಲಿನ ಕೂಲಿಯ ದಿನಗಳು ಮುಗಿದಿರುತ್ತವೆ. ಕೂಸಿಗೂ ಮುಖ ಗುರುತಾಗುವಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಾರೆ.

ತಾಲ್ಲೂಕಿಗೊಂದು ಆರೈಕೆಯವರ ಸಂಘ ಇದ್ದರೆ? ಐವತ್ತು ಕೂಸಿನ ಮನೆಗಳಿಗೆ ಒಬ್ಬ ಲೆಕ್ಕದವಳು, ಊರೂರು ಸುತ್ತಿ ಹೇಳಿಕೊಡುವ ಒಬ್ಬ ಅನುಭವಿ, ಯಾರು ರಜೆ ಹಾಕಿದರೂ ಹೋಗಿ ನಿಲ್ಲಲು ನಾಲ್ಕು ಮಂದಿ, ಬೇಳೆ ಬೆಲ್ಲ ಸೋಪು ಒಟ್ಟಿಗೆ ಕೊಳ್ಳಲು ಒಂದು ಖಾತೆ. 1959ರ ಸಹಕಾರ ಸಂಘಗಳ ಕಾಯ್ದೆಯೂ 1997ರ ಸೌಹಾರ್ದ ಕಾಯ್ದೆಯೂ ಇಂಥ ಸಂಘಕ್ಕೆ ಬಾಗಿಲು ತೆರೆದಿವೆ. ಊರೂರಲ್ಲೂ ಸ್ತ್ರೀಶಕ್ತಿ ಗುಂಪುಗಳಿವೆ, ಹೆಂಗಸರೇ ನಡೆಸುವ ಹಾಲಿನ ಸಂಘಗಳಿವೆ. ಲೆಕ್ಕ ಬರೆದು, ಸಭೆ ನಡೆಸಿ, ಚುನಾವಣೆ ಮಾಡಿ ಪಳಗಿದ ಕೈಗಳು ಅಲ್ಲೇ ಇವೆ. ಪಂಚಾಯಿತಿಗಳು ಮೊದಲು ಅವರನ್ನು ಕರೆದು ಕೂರಿಸಿಕೊಂಡು ಮಾತಾಡಲಿ. ಆ ಸಭೆಗೆ ಕೂಸಿನ ಮನೆಯಲ್ಲಿ ಈಗಾಗಲೇ ದುಡಿದು ಬಂದವರನ್ನೂ ಕರೆಯಲಿ. ಯಾವ ಮಗು ಎಷ್ಟು ಹೊತ್ತಿಗೆ ಹಾಲು ಕೇಳುತ್ತದೆ ಎಂಬುದರಿಂದ ಹಿಡಿದು ಕೂಲಿ ಎಷ್ಟು ದಿನ ತಡವಾಗಿ ಬರುತ್ತದೆ ಎಂಬುದರವರೆಗೆ ಅವರಿಗೆ ಗೊತ್ತಿದೆ.