ಬೀಸಿದ ದಿನದ ಹಿಟ್ಟು

ಸಂಜೆಯಾದರೆ ಐಮಂಗಲದ ಹೆದ್ದಾರಿ ಬದಿಯ ಚಹಾದಂಗಡಿ ಮುಂದೆ ಲಾರಿಗಳ ನಂಬರು ನೋಡುತ್ತ ನಿಲ್ಲುವುದು ನನಗೆ ರೂಢಿಯಾಗಿದೆ. ಈ ಕಡೆ ಹಿರಿಯೂರು, ಆ ಕಡೆ ಚಿತ್ರದುರ್ಗ. ದೂರದ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿರುತ್ತವೆ. ಮಹಾರಾಷ್ಟ್ರ, ತಮಿಳುನಾಡು, ಬೆಂಗಳೂರಿನ ಗಾಡಿಗಳು ಒಂದರ ಹಿಂದೊಂದು ಹಾಯ್ದುಹೋಗುತ್ತವೆ. ನಡುವೆ ಒಂದು ‘ಕೆಎ 28’ ಕಂಡರೆ ಕೈಯಲ್ಲಿನ ಲೋಟ ಅಲ್ಲೇ ನಿಲ್ಲುತ್ತದೆ. ಅದು ವಿಜಯಪುರದ ನಂಬರು. ಹೊಸಪೇಟೆ ದಾಟಿ, ದುರ್ಗಕ್ಕೆ ಇಳಿದು, ಸುಮಾರು 350 ಕಿಲೋಮೀಟರ್ ಉರುಳಿ ಬಂದ ಗಾಡಿ. ಅದರ ಗಾಲಿಗೆ ಹತ್ತಿದ ಮಣ್ಣು ಕಪ್ಪಗಿರುತ್ತದೆ ಅಂತ ನನಗನ್ನಿಸುತ್ತದೆ.

ವಿಜಯಪುರ ಬಿಟ್ಟು ನೌಕರಿಗೆಂದು ಇಲ್ಲಿ ಬಂದು ಆರು ವರ್ಷ. ಅವ್ವನ ಕೈಯಡುಗೆ ಹೇಗೋ ಸಿಗುತ್ತದೆ. ಹಬ್ಬಕ್ಕೆ ಹೋದರೆ ಉಣ್ಣುತ್ತೇನೆ, ಬರುವಾಗ ಬುತ್ತಿ ಕಟ್ಟಿಸಿಕೊಳ್ಳುತ್ತೇನೆ. ಬುತ್ತಿಯಲ್ಲಿ ಬಾರದೇ ಇರುವುದು ಖಾನಾವಳಿಯ ಊಟ. ನನ್ನ ಹಂಬಲವೆಲ್ಲ ಅದರದ್ದೇ.

ಆ ಖಾನಾವಳಿ ಈಗಲೂ ಕಣ್ಣಮುಂದಿದೆ. ತಗ್ಗು ಬಾಗಿಲು, ಹೊಗೆಗೆ ಕಂದಿದ ಗೋಡೆ, ಬಸವಣ್ಣನ ಫೋಟೋ, ಉದ್ದನೆಯ ಬೆಂಚು. ಒಳಗಿನಿಂದ ಎಡೆಬಿಡದೆ ಪಟಪಟ ಸಪ್ಪಳ. ಮೂವರು ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡಿಯುತ್ತಿರುತ್ತಾರೆ. ಬಡಿದ ರೊಟ್ಟಿಯನ್ನು ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ಮಗುಚಿ, ಕೊನೆಗೆ ಕೆಂಡದ ಕಡೆ ಸರಿಸುತ್ತಾರೆ. ಅದು ಉಸಿರು ತೆಗೆದುಕೊಂಡ ಹಾಗೆ ಉಬ್ಬುತ್ತದೆ. ಉಬ್ಬಿದ್ದು ಇಳಿಯುವುದರೊಳಗೆ ತಾಟಿಗೆ ಬಂದಿರಬೇಕು. ತಾಟಿನಲ್ಲಿ ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಜುಣಕ, ಶೇಂಗಾ ಹಿಂಡಿ, ಅದರ ನಡುವೆ ಕುಳಿ ಮಾಡಿ ಹಾಕಿದ ಕೆನೆಮೊಸರು, ಕೆಂಪಗಿನ ರಂಜಕ. ಪಕ್ಕದಲ್ಲಿ ಬೇರುಸಮೇತ ಹಸಿ ಮೆಂತ್ಯ, ಮೂಲಂಗಿ, ಹೆಚ್ಚಿದ ಉಳ್ಳಾಗಡ್ಡಿ. ಎರಡನೇ ರೊಟ್ಟಿ ಮುಗಿಯುವ ಮೊದಲೇ ತಲೆಯ ಮೇಲಿಂದ ದನಿ ಬರುತ್ತದೆ: “ರೊಟ್ಟಿ ಹಾಕ್ಲೇನ್ರಿ?” ಬೇಡ ಅಂದರೂ ಅರ್ಧ ಬೀಳುತ್ತದೆ. ಎದುರಿಗೆ ಕೂತವನು ಸಂತೆಗೆ ಬಂದ ರೈತ, ಪಕ್ಕದವನು ಕೋರ್ಟಿಗೆ ಬಂದವನು. ಯಾರ ಹೆಸರೂ ಗೊತ್ತಿಲ್ಲ. ಆದರೂ ಹಿಂಡಿಯ ಡಬ್ಬಿ ಕೈಯಿಂದ ಕೈಗೆ ದಾಟುತ್ತದೆ.

ಖಾನಾವಳಿ ಎಂಬ ಶಬ್ದ ಮರಾಠಿಯ ಕಡೆಯಿಂದ ಬಂದದ್ದು. ಮುಂಬೈಯ ಗಿರಣಿ ಕೆಲಸಗಾರರಿಗೆ ತಿಂಗಳ ಲೆಕ್ಕದಲ್ಲಿ ಅಡುಗೆ ಮಾಡಿ ಹಾಕುತ್ತಿದ್ದ ಹೆಂಗಸರನ್ನು ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಒಗ್ಗೂಡಿಸಿದರು. ಊರು ಬಿಟ್ಟವರ ಹಸಿವಿನ ಮೇಲೆಯೇ ಹುಟ್ಟಿದ ಮನೆ ಈ ಖಾನಾವಳಿ. ಆ ಮನೆಯ ಊಟಕ್ಕಾಗಿಯೇ ಇಲ್ಲಿ ಕೂತು ನಾನು ಹಂಬಲಿಸುತ್ತಿದ್ದೇನೆ.

ಮನೆಯಲ್ಲಿ ಮಾಡಿ ನೋಡಿದೆ. ಇಬ್ಬರ ಸಂಸಾರದಲ್ಲಿ ಏಳು ನಮೂನೆಯ ಪಲ್ಯ ಹಿಂಡಿ ಆಗುವುದಿಲ್ಲ. ಆದರೂ ಅದೊಂದು ಹೋಗಲಿ. ಸೋಲುವುದು ಹಿಟ್ಟಿನಲ್ಲಿ. ಗೋಧಿಯ ಅಂಟು ಜೋಳಕ್ಕಿಲ್ಲ. ಕುದಿಯುವ ಎಸರು ಹುಯ್ದಾಗ ಹಿಟ್ಟಿನ ಪಿಷ್ಟ ಅರ್ಧ ಬೆಂದು ಬರುವ ಜಿಗಿಯೇ ರೊಟ್ಟಿಯನ್ನು ಹಿಡಿದಿಡುತ್ತದೆ. ಹಿಟ್ಟು ಹಳೆಯದಾದಷ್ಟೂ ಜಿಗಿ ಸಾಯುತ್ತದೆ. ಅಂಗಡಿಯ ಪಾಕೀಟಿನ ಹಿಟ್ಟು ಎರಡು ಏಟಿಗೇ ಅಂಚು ಸೀಳಿಕೊಂಡಿತು. ಊರಿಂದ ಮಾಲದಂಡಿ ಜೋಳ ತಂದೆ. ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದು ಬೆಳೆಸಿದ ಎಂ 35-1 ತಳಿ, ಹಿಂಗಾರಿನಲ್ಲಿ ಕಪ್ಪು ನೆಲದ ಉಳಿಕೆ ಹಸಿಯ ಮೇಲೆ ಬರುವ, ಮುತ್ತಿನಂಥ ಕಾಳು. ಇಲ್ಲಿಯ ಗಿರಣಿಯಲ್ಲಿ ನನ್ನ ಸರದಿಗೆ ಮುಂಚೆ ಯಾರದೋ ರಾಗಿ ಬಿದ್ದಿತ್ತು. ಮೊದಲ ಎರಡು ಬೊಗಸೆ ಹಿಟ್ಟು ಕಂದುಬಣ್ಣಕ್ಕೆ ಇಳಿಯಿತು. ಗಿರಣಿಯವರು, “ಅದು ಬಿಟ್ಬಿಡಿ ಸಾರ್, ಆಮೇಲಿಂದು ಬೆಳ್ಳಗೆ ಬರ್ತತೆ” ಅಂದರು. ಬೆಳ್ಳಗೆ ಬಂತು. ಆದರೆ ನನ್ನ ಕೈಗೂ ನನ್ನಾಕೆಯ ಕೈಗೂ ಆ ವೇಗವಿಲ್ಲ. ದಿನಕ್ಕೆ ನೂರಾರು ರೊಟ್ಟಿ ಬಡಿದ ಅಂಗೈಗಳಿಗೆ ಮಾತ್ರ ಒದಗುವ ವೇಗ ಅದು.

ಐಮಂಗಲದ ಸುತ್ತಲೂ ಜೋಳವಿದೆ, ಆದರೆ ಮೆಕ್ಕೆಜೋಳ. ಮಳೆಗಾಲದಲ್ಲಿ ಹೊಲಗಳೆಲ್ಲ ಆಳೆತ್ತರ ಹಸಿರು. ಬೆಳೆದದ್ದರಲ್ಲಿ ಬಹಳಷ್ಟು ಕೋಳಿ ಆಹಾರಕ್ಕೆ ಹೋಗುತ್ತದೆ. ಉತ್ತರ ಇಟಲಿಯವರು ಅದೇ ಕಾಳಿನ ಹಿಟ್ಟು ಕುದಿಸಿ ನಮ್ಮ ಮುದ್ದೆಯ ಬಳಗದ ಪೊಲೆಂಟಾ ಮಾಡುತ್ತಾರೆ. ಆ ಸೀಮೆಯವನೊಬ್ಬ ಈ ಹೊಲದ ಬದುವಿನಲ್ಲಿ ನಿಂತರೆ ಅವನಿಗೆ ಏನಾದೀತೆಂದು ನಾನು ಊಹಿಸಬಲ್ಲೆ.

ಇಲ್ಲಿಯ ಊಟದ ಮೇಲೆ ನನ್ನ ದೂರೇನೂ ಇಲ್ಲ. ಬಿಸಿ ರಾಗಿಮುದ್ದೆ, ಸೊಪ್ಪಿನ ಸಾರು ಮೈಗೆ ಹಿಡಿಸಿವೆ. ಮಂಡಕ್ಕಿ ಮೆಣಸಿನಕಾಯಿ ಸಿಕ್ಕರೆ ಬಿಡುವುದಿಲ್ಲ. ಆದರೆ ಇಲ್ಲಿಯ ಪೊಲೀಸ್ ತರಬೇತಿ ಶಾಲೆಗೆ ನಮ್ಮ ಕಡೆಯಿಂದ ಬಂದ ಹುಡುಗರು ಸಿಕ್ಕಾಗ ಮಾತು ಎಲ್ಲಿಂದ ಶುರುವಾದರೂ ರೊಟ್ಟಿಗೆ ಬಂದು ನಿಲ್ಲುತ್ತದೆ.

ಮೊನ್ನೆ ಒಂದು ‘ಕೆಎ 28’ ಚಹಾದಂಗಡಿ ಮುಂದೆ ನಿಂತಿತು. ತಾಡಪತ್ರಿಯ ಸಂದಿಯಿಂದ ನಿಂಬೆಯ ವಾಸನೆ. 2023ರಲ್ಲಿ ಜಿಐ ಮಾನ್ಯತೆ ಪಡೆದ ಇಂಡಿ ಸೀಮೆಯ ನಿಂಬೆ, ಬೆಂಗಳೂರಿಗೆ ಹೊರಟಿತ್ತು. ಡ್ರೈವರು ಕಟ್ಟೆಯ ಮೇಲೆ ಕೂತು ಅರಿವೆಯ ಗಂಟು ಬಿಚ್ಚಿದ. ಕಟಕ ರೊಟ್ಟಿ, ಕಾಗದದಲ್ಲಿ ಹಿಂಡಿ. ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಒಡೆದ. ನಾನು ನೋಡುತ್ತಿದ್ದುದನ್ನು ಕಂಡು, “ಯಾವೂರ್ರೀ ನಿಮ್ದು?” ಅಂದ. ಹೇಳಿದೆ. ಗಂಟು ನನ್ನ ಕಡೆ ಸರಿಸಿದ. “ಬರ್ರಿ, ಉಣ್ಣೂಣು.”

ಊರು ಬಿಟ್ಟು ಒಂದು ದಿನವಾಗಿದ್ದ ರೊಟ್ಟಿ ಹಪ್ಪಳದ ಹಾಗೆ ಮುರಿಯಿತು. ಹಿಂಡಿಯಲ್ಲಿ ಬೆಳ್ಳುಳ್ಳಿ ಮುಂದಿತ್ತು. ಯಾವ ಖಾನಾವಳಿಯ ಎಣ್ಣೆಗಾಯಿ ಮೇಲು ಅಂತ ಇಬ್ಬರೂ ವಾದಿಸಿದೆವು; ಅವನು ಸಿಂದಗಿಯದನ್ನು ಬಿಟ್ಟುಕೊಡಲಿಲ್ಲ.

ಎದ್ದು ಕೈ ತೊಳೆಯುತ್ತ, “ಮುಂದಿನ ವಾರ ಮತ್ತ ಬರ್ತೀನ್ರಿ. ಜ್ವಾಳಾ ತರ್ಲೇನು?” ಎಂದು ಕೇಳಿದ.

“ಜ್ವಾಳಾ ಬ್ಯಾಡ್ರಿ,” ಅಂದೆ, “ಹಿಟ್ಟ ತರ್ರಿ. ಗಾಡಿ ಬಿಡೂ ದಿನಾನ ಬೀಸಿದ್ದು.”